‘ಸಟ್ಲಿ’ — ಒಂದು ಜಿಜ್ಞಾಸೆ

ನಮ್ಮ ಸಂಘದಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುವ ಮಹನೀಯರು ಊರಿಗೆ ಹೋಗಿದ್ದ ಕಾರಣ ಕಳೆದ ತಿಂಗಳು ಎರಡು ವಾರ ಆ ಹೊಣೆ ನಮ್ಮ ತಲೆಗೆ ಬಂದಿತ್ತು. ಒತ್ತಕ್ಷರ ಹೇಳಿಕೊಟ್ಟು ಮುಗಿಸಿದ ಮೇಲೆ, ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಅಂಕಲ್, ಸಟ್ಲಿ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ?’ ಎಂದು ಕೇಳಿದಳು. ಅವಳ ಶಾಲೆಯ ಇಂಗ್ಲಿಷ್ ಟೀಚರು ಅವಳ ಪ್ರಬಂಧದ ಅಂಚಿನಲ್ಲಿ ಆ ಮಾತನ್ನು ಬರೆದಿದ್ದರಂತೆ.

‘ಸೂಕ್ಷ್ಮವಾಗಿ’ ಎಂದು ತಡವಿಲ್ಲದೆ ಹೇಳಿದೆವು.

‘ಸೂಕ್ಷ್ಮದರ್ಶಕ ಅಂದ್ರೆ ಮೈಕ್ರೋಸ್ಕೋಪ್ ಅಲ್ವಾ? ಹಾಗಾದ್ರೆ ಸಣ್ಣದಾಗಿ ಅಂತಾನಾ?’

ಅಲ್ಲ ಎಂದೆವು. ‘ನವಿರಾಗಿ’ ಎಂದೆವು, ‘ನಯವಾಗಿ’ ಎಂದೆವು, ‘ನಾಜೂಕಾಗಿ’ ಎಂದೂ ಸೇರಿಸಿದೆವು. ಹುಡುಗಿ ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡು, ಪೆನ್ನನ್ನು ಗಲ್ಲಕ್ಕೆ ಒತ್ತಿಕೊಂಡು ಒಂದು ಗಳಿಗೆ ಯೋಚಿಸಿ, ‘ಸಟ್ಲಿ ಮಾಡೋದು ಒಳ್ಳೇದಾ, ಕೆಟ್ಟದ್ದಾ?’ ಎಂದಳು.

ಮುಂದಿನ ವಾರ ಹೇಳುತ್ತೇವೆ ಎಂದೆವು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವರಿಗೆ ಉತ್ತರವನ್ನು ಮುಂದಕ್ಕೆ ಹಾಕುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಪದ ನಮಗೆ ಹೊಸದಾಗಿರಲಿಲ್ಲ. ಅದರೊಡನೆ ನಮಗೊಂದು ಹಳೆಯ ಲೆಕ್ಕವಿದೆ. ಅದನ್ನು ಕಡೆಯಲ್ಲಿ ಹೇಳುತ್ತೇವೆ. ಮೊದಲು ಪದದ ವಿಚಾರ.

ಇಂಗ್ಲಿಷಿನ ಈ ಪದದ ಕಾಗುಣಿತವೇ ಒಂದು ತಮಾಷೆ. ಬರೆಯುವಾಗ ನಡುವೆ ‘ಬಿ’ ಅಕ್ಷರ ಬರುತ್ತದೆ, ಹೇಳುವಾಗ ಅದು ಇಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ನಾವು ಧೈರ್ಯವಾಗಿ ‘ಸಬ್‌ಟ್ಲಿ’ ಎಂದೇ ಹೇಳುತ್ತಿದ್ದೆವು, ಯಾರೂ ತಿದ್ದಲಿಲ್ಲ. ದಿಲ್ಲಿಗೆ ಬಂದ ಮೇಲೆ ಮೇಲಧಿಕಾರಿಯೊಬ್ಬರು ನಕ್ಕಾಗ ತಿಳಿಯಿತು. ಈ ಪದ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಇದರ ಮೂಲ ಲ್ಯಾಟಿನ್ನಿನ ‘ಸುಬ್ಟಿಲಿಸ್’ ಎಂದು ವಿದ್ವಾಂಸರಿಗೆ ನೆನಪಾಗಿ, ಗೌರವಕ್ಕಾಗಿ ಆ ಅಕ್ಷರವನ್ನು ಮತ್ತೆ ತಂದು ಕೂರಿಸಿದರು. ಜನರ ನಾಲಿಗೆ ಮಾತ್ರ ಅದನ್ನು ಒಪ್ಪಲಿಲ್ಲ. ಸಾಲಕ್ಕೆ ಹೇಳುವ ‘ಡೆಟ್’, ಸಂದೇಹಕ್ಕೆ ಹೇಳುವ ‘ಡೌಟ್’ ಇವುಗಳ ಕಥೆಯೂ ಇದೇ. ಕಣ್ಣಿಗೆ ಕಂಡು ಕಿವಿಗೆ ಕೇಳಿಸದ ಒಂದು ಅಕ್ಷರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪದಕ್ಕೆ ಇಂಥ ಅರ್ಥವಿರುವುದು ಎಷ್ಟು ಸರಿಯಾಗಿದೆ!

‘ಸುಬ್ಟಿಲಿಸ್’ ಎಂಬುದು ನೇಕಾರರ ಮಗ್ಗದಿಂದ ಬಂದದ್ದೆಂದು ಪಂಡಿತರ ಅಭಿಪ್ರಾಯ. ‘ಸುಬ್’ ಎಂದರೆ ಕೆಳಗೆ, ‘ತೇಲಾ’ ಎಂದರೆ ನೇಯ್ದ ಬಟ್ಟೆ. ನವಿರಾದ ನೇಯ್ಗೆಯನ್ನು ಹೇಳುತ್ತಿದ್ದ ಮಾತು ಬರಬರುತ್ತ ನವಿರಾದ ಬುದ್ಧಿಗೂ ಅನ್ವಯವಾಯಿತು. ಇಲ್ಲಿಂದಲೇ ತೊಡಕು ಶುರು. ನವಿರಾದ ಬುದ್ಧಿ ಎಂದರೆ ಜಾಣತನ, ಜಾಣತನ ಒಂದು ಹೆಜ್ಜೆ ಜಾರಿದರೆ ಕಪಟ. 1611ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಪ್ರಸಿದ್ಧ ಬೈಬಲ್ ಅನುವಾದದಲ್ಲಿ ಈವಳಿಗೆ ಹಣ್ಣು ತಿನ್ನಲು ಆಸೆ ಹಚ್ಚಿದ ಸರ್ಪಕ್ಕೆ ಇದೇ ಗುಣವಾಚಕವನ್ನು ಹಚ್ಚಿದ್ದಾರೆ. ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲು, 1308ರಲ್ಲಿ ತೀರಿಕೊಂಡ ಜಾನ್ ಡನ್ಸ್ ಸ್ಕಾಟಸ್ ಎಂಬ ದೈವಶಾಸ್ತ್ರಜ್ಞರಿಗೆ ಇದೇ ಪದದಿಂದ ‘ಸೂಕ್ಷ್ಮ ಆಚಾರ್ಯ’ ಎಂಬ ಬಿರುದು ಸಂದಿತ್ತು. ಅವರು ಒಂದು ಮಾತಿನಲ್ಲಿ ಹತ್ತು ಎಳೆ ಬಿಡಿಸಬಲ್ಲವರು. ಆಮೇಲೆ ಬಂದವರಿಗೆ ಈ ಎಳೆ ಬಿಡಿಸುವ ಕೆಲಸ ಬೇಸರ ತಂದು, ಹದಿನಾರನೇ ಶತಮಾನದ ಹೊತ್ತಿಗೆ ಅವರ ಅನುಯಾಯಿಗಳನ್ನು ಹಂಗಿಸಲು ಅವರ ಹೆಸರನ್ನೇ ಬಳಸತೊಡಗಿದರು. ದಡ್ಡ ಹುಡುಗನಿಗೆ ಇಂಗ್ಲಿಷಿನಲ್ಲಿ ‘ಡನ್ಸ್’ ಎನ್ನುವುದು ಹಾಗೆ ಹುಟ್ಟಿದ್ದು. ಅತಿ ಸೂಕ್ಷ್ಮರಾದವರ ಹೆಸರು ಕಡೆಗೆ ದಡ್ಡರ ಪಾಲಾಯಿತು!

ಇಂದಿನ ಇಂಗ್ಲಿಷಿನಲ್ಲಿ ಈ ಕ್ರಿಯಾವಿಶೇಷಣ ಬಹುಮಟ್ಟಿಗೆ ಮೆಚ್ಚುಗೆಯ ಮಾತೇ. ಸಾರಿನಲ್ಲಿ ಇಂಗು ‘ಸಟ್ಲಿ’ ಇದೆ ಎಂದರೆ ಅಡಿಗೆಯವರಿಗೆ ಹೊಗಳಿಕೆ. ರಾಗದ ಸ್ವರ ‘ಸಟ್ಲಿ’ ಬದಲಾಯಿತು ಎಂದರೆ ಗಾಯಕರಿಗೆ ಹೊಗಳಿಕೆ. ಆದರೂ ಹಳೆಯ ಹಾವು ಪೂರ್ತಿ ಸತ್ತಿಲ್ಲ. ಒಬ್ಬರ ಹೆಸರನ್ನು ಯಾರಾದರೂ ‘ಸಟ್ಲಿ’ ಕೆಡಿಸಿದರು ಎಂದಾಗ ಅದು ಹೆಡೆಯೆತ್ತುತ್ತದೆ.

ಇನ್ನು ಕನ್ನಡದ ಕಡೆ ಬರೋಣ. ನಮ್ಮ ‘ಸೂಕ್ಷ್ಮ’ ಪಾಪ, ಬಹಳ ಭಾರ ಹೊತ್ತ ಪದ. ಕಣ್ಣಿಗೆ ಕಾಣದ ಜೀವಿ ಸೂಕ್ಷ್ಮಜೀವಿ, ಬೇಗ ನೋಯುವ ಮನಸ್ಸು ಸೂಕ್ಷ್ಮ ಮನಸ್ಸು, ವೇದಾಂತಿಗಳಿಗೆ ಸೂಕ್ಷ್ಮ ಶರೀರ, ಚುನಾವಣೆ ಬಂದಾಗ ಪೊಲೀಸರು ಹೆಚ್ಚಿಗೆ ನಿಲ್ಲುವ ಮತಗಟ್ಟೆ ಸೂಕ್ಷ್ಮ ಮತಗಟ್ಟೆ. ಇಷ್ಟೆಲ್ಲ ಕೆಲಸ ಮಾಡುವ ಪದಕ್ಕೆ ಇನ್ನೊಂದು ಕೆಲಸ ಹಚ್ಚುವುದು ಸರಿಯಲ್ಲ. ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿದ್ದು ‘ನಯ’ ಎಂಬ ಪದ. ಒಳ್ಳೆಯ ಮನೆತನದ ಹುಡುಗನನ್ನು ‘ನಯವಿನಯ ಬಲ್ಲವನು’ ಎನ್ನುತ್ತೇವೆ, ಮೋಸಗಾರನನ್ನು ‘ನಯವಂಚಕ’ ಎನ್ನುತ್ತೇವೆ. ಎರಡೂ ಕಡೆ ಅದೇ ನಯ! ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಎಂದು ನಾವು ಒಂದು ನಾಜೂಕಿನ ಕೆಲಸವನ್ನು ಹೊಗಳುತ್ತೇವೆ. ಪಕ್ಕದ ಮೇಜಿನ ತಮಿಳು ಮಿತ್ರರ ಬಳಿ ಇನ್ನೊಂದು ನುಡಿಗಟ್ಟಿದೆ, ಬಾಳೆಹಣ್ಣಿಗೆ ಸೂಜಿ ಚುಚ್ಚಿದ ಹಾಗೆ ಎಂದು. ಒಂದರಲ್ಲಿ ಕೈ ಒಳಗಿನ ಕಸವನ್ನು ಹೊರಗೆ ತೆಗೆಯುತ್ತದೆ, ಇನ್ನೊಂದರಲ್ಲಿ ಹೊರಗಿನ ಸೂಜಿಯನ್ನು ಒಳಗೆ ತೂರಿಸುತ್ತದೆ. ಕೈಚಳಕ ಮಾತ್ರ ಎರಡರದೂ ಒಂದೇ.

ಹಾಗಿದ್ದರೆ ಬೆಣ್ಣೆಗೂ ಬಾಳೆಹಣ್ಣಿಗೂ ವ್ಯತ್ಯಾಸವನ್ನು ಎಲ್ಲಿ ಗುರುತಿಸಬೇಕು? ‘ಉದ್ದೇಶದಲ್ಲಿ’ ಎಂದು ಓದುಗರು ಥಟ್ಟನೆ ಹೇಳಿಯಾರು. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಆದರೆ ತನ್ನ ಉದ್ದೇಶ ಕೆಟ್ಟದ್ದೆಂದು ಒಪ್ಪುವ ಮನುಷ್ಯನನ್ನು ನಾವಿನ್ನೂ ಕಂಡಿಲ್ಲ. ಕನ್ನಡಿಯಲ್ಲಂತೂ ಕಂಡೇ ಇಲ್ಲ.

ಇಲ್ಲಿ ನಮ್ಮ ಅವ್ವನ ಸಂಗತಿ ನೆನಪಾಗುತ್ತದೆ. ನಮ್ಮೂರು ಇಳಕಲ್ಲಿಗೆ ಹತ್ತಿರ. ಪಕ್ಕದ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳಿದ್ದರು, ನಾವು ಅವರನ್ನು ಕಾಕು ಎನ್ನುತ್ತಿದ್ದೆವು. ಬಹಳ ಮಾನವಂತೆ. ಯಾರಾದರೂ ಒಂದು ಹಿಡಿ ಕಾಳು ಕೊಟ್ಟರೆ ಮೂರು ದಿನ ಮಾತು ಬಿಡುವವರು. ಅವ್ವ ಎಂಟು ದಿನಕ್ಕೊಮ್ಮೆ ನಮ್ಮನ್ನು ಕರೆದು, ‘ಕಾಕೂನ ಮನಿಯಿಂದ ಡಬರಿ ಇಸ್ಕೊಂಡು ಬಾ’ ಎನ್ನುವಳು. ನಮ್ಮ ಮನೆಯಲ್ಲಿ ಡಬರಿಗಳಿಗೆ ಬರವಿರಲಿಲ್ಲ. ಸಂಜೆಗೆ ಅದೇ ಡಬರಿಯನ್ನು ಹಿಂದಕ್ಕೆ ಕೊಡುವಾಗ ಅದರ ತುಂಬ ಜೋಳ. ನಮ್ಮ ಕಡೆ ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುವುದು ಪದ್ಧತಿ. ಅವ್ವ ಆ ಪದ್ಧತಿಯ ಮರೆಯಲ್ಲಿ ಸೇರುಗಟ್ಟಲೆ ಜೋಳ ದಾಟಿಸುತ್ತಿದ್ದಳು. ‘ಖಾಲಿ ಪಾತ್ರಿ ಕೊಡಬಾರದೋ’ ಎಂಬುದೊಂದೇ ನಮಗೆ ಸಿಕ್ಕ ವಿವರಣೆ.

ಕಾಕುಗೆ ಇದು ತಿಳಿದಿರಲಿಲ್ಲವೇ? ಬೇಕಾದಷ್ಟು ತಿಳಿದಿತ್ತು. ನಾವು ದಿಲ್ಲಿಗೆ ಹೊರಟಾಗ ಅವರು ತಲೆಯ ಮೇಲೆ ಕೈಯಿಟ್ಟು, ‘ನಿಮ್ಮವ್ವನ ಡಬರಿ ನನ್ನ ಎರಡು ಮಕ್ಕಳನ್ನ ಬೆಳೆಸಿತಪಾ’ ಎಂದರು. ಗುಟ್ಟು ಬಯಲಾದಾಗ ಅಲ್ಲಿ ಯಾರಿಗೂ ನಾಚಿಕೆಯಾಗಲಿಲ್ಲ, ಕೊಟ್ಟವರಿಗೂ ಇಲ್ಲ, ತೆಗೆದುಕೊಂಡವರಿಗೂ ಇಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅಷ್ಟೆ. ಆ ಸೆರಗಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳು ಬೇರೆ, ಸೆರಗಿನ ಹಾಸಿನ ಎಳೆಗಳು ಬೇರೆ. ನೇಕಾರ ಒಂದೊಂದು ಎಳೆಯನ್ನೂ ಕುಣಿಕೆ ಹಾಕಿ ಇನ್ನೊಂದಕ್ಕೆ ಕೂಡಿಸುತ್ತಾನೆ. ದೂರದಿಂದ ನೋಡಿದವರಿಗೆ ಕೂಡಿಸಿದ ಜಾಗ ಗೊತ್ತಾಗುವುದಿಲ್ಲ. ಆದರೆ ಬಲ್ಲವರು ಸೀರೆ ಕೊಳ್ಳುವಾಗ ಮೊದಲು ಹುಡುಕಿ ನೋಡುವುದು ಆ ಜಾಗವನ್ನೇ, ಅಂಗಡಿಯವರು ಹೆಮ್ಮೆಯಿಂದ ಬೆಳಕಿಗೆ ಹಿಡಿದು ತೋರಿಸುವುದೂ ಅದನ್ನೇ. ಕಾಣದಂತೆ ಮಾಡಿದ್ದು ನಿಜ, ಆದರೆ ಕಂಡರೆ ಹೆದರಿಕೆಯಿಲ್ಲ.

ನಾವು ಭೌತಶಾಸ್ತ್ರದ ಪದವೀಧರರು. ಓದಿದ್ದರಲ್ಲಿ ಈಗ ಉಳಿದಿರುವುದು ಸ್ವಲ್ಪವೇ ಆದರೂ ಒಂದು ಪ್ರಸಂಗ ಮರೆತಿಲ್ಲ. 1921ರಲ್ಲಿ ಐನ್‌ಸ್ಟೈನರು ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋಗಿದ್ದಾಗ, ಡೇಟನ್ ಮಿಲ್ಲರ್ ಎಂಬ ವಿಜ್ಞಾನಿ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಮಾಡಿದ ಬೆಳಕಿನ ಪ್ರಯೋಗದಲ್ಲಿ ಸಾಪೇಕ್ಷ ಸಿದ್ಧಾಂತಕ್ಕೆ ವಿರುದ್ಧವಾದ ಫಲ ಬಂದಿದೆ ಎಂಬ ಸುದ್ದಿ ಹಬ್ಬಿತು. ಆಗ ಅವರು, ದೇವರು ಸೂಕ್ಷ್ಮನಿರಬಹುದು, ಆದರೆ ಕೇಡಿಗನಲ್ಲ ಎಂಬರ್ಥದ ಮಾತನ್ನು ಜರ್ಮನಿನಲ್ಲಿ ಆಡಿದರು. ಮುಂದೆ ಅಲ್ಲಿಯ ಗಣಿತ ವಿಭಾಗದ ಹೊಸ ಕಟ್ಟಡದಲ್ಲಿ ಅಗ್ಗಿಷ್ಟಿಕೆಯ ಮೇಲೆ ಆ ಮಾತನ್ನು ಕೆತ್ತಿಸಿದರು. 1982ರಲ್ಲಿ ಅಬ್ರಹಾಂ ಪೈಸ್ ಬರೆದ ಐನ್‌ಸ್ಟೈನ್ ಚರಿತ್ರೆಯ ಹೆಸರು ಬಂದದ್ದೂ ಅದರಿಂದಲೇ. ಅವರು ಬಳಸಿದ ‘ರಾಫಿನೀರ್ಟ್’ ಎಂಬ ಜರ್ಮನ್ ಪದಕ್ಕೂ ನಮ್ಮ ‘ನಯ’ದ ಪಾಡೇ: ನಾಜೂಕು ಎಂದೂ ಆಗುತ್ತದೆ, ಕಿಲಾಡಿ ಎಂದೂ ಆಗುತ್ತದೆ. ಆ ಮಾತನ್ನು ಕೆತ್ತಿಸಲು ಅನುಮತಿ ಕೇಳಿದಾಗ ಅವರೇ ಅರ್ಥ ಬಿಡಿಸಿ ಹೇಳಿದರು. ಪ್ರಕೃತಿ ತನ್ನ ರಹಸ್ಯವನ್ನು ಮುಚ್ಚಿಟ್ಟಿರುವುದು ತನ್ನ ಘನತೆಯಿಂದ, ಕುಯುಕ್ತಿಯಿಂದಲ್ಲ ಎಂಬುದು ಅದರ ಸಾರಾಂಶ.

ಮಿಲ್ಲರರಿಗೆ ಕಂಡ ವ್ಯತ್ಯಾಸವಾದರೂ ಏನು? ಉಪಕರಣವಿದ್ದ ಕೋಣೆಯ ಉಷ್ಣತೆಯಲ್ಲಿದ್ದ ಅತ್ಯಲ್ಪ ಏರುಪೇರಿನಿಂದ ಅದು ಬಂದದ್ದಿರಬೇಕೆಂದು 1955ರಲ್ಲಿ ಅವರ ದಾಖಲೆಗಳನ್ನು ಮತ್ತೆ ಪರಿಶೀಲಿಸಿದವರು ತೀರ್ಮಾನಿಸಿದರು. ಪ್ರಕೃತಿ ಸುಳ್ಳು ಹೇಳಲಿಲ್ಲ. ಹುಡುಕಿದವರಿಗೆ ನಿಜ ಸಿಕ್ಕೇ ಸಿಕ್ಕಿತು, ತಡವಾದರೂ. ಅವ್ವನ ಡಬರಿಯೂ ಹೀಗೆಯೇ ಅಲ್ಲವೇ ಎಂದು ನಮಗೆ ಅನ್ನಿಸಿದ್ದು ಬಹಳ ವರ್ಷಗಳ ಮೇಲೆ. ಮರೆಮಾಡಿದ್ದನ್ನು ಎದುರಿನವರು ಕಂಡುಹಿಡಿದ ದಿನ ನಮಗೆ ಸಂತೋಷವಾಗುತ್ತದೆಯೋ, ಸಿಕ್ಕಿಬಿದ್ದೆವು ಅನ್ನಿಸುತ್ತದೆಯೋ? ಉದ್ದೇಶವನ್ನು ನೋಡುವುದಕ್ಕಿಂತ ಈ ಒಂದನ್ನು ನೋಡುವುದು ಸುಲಭ. ಇದರಲ್ಲಿ ನಮಗೆ ನಾವೇ ಮೋಸ ಮಾಡಿಕೊಳ್ಳುವುದು ಕಷ್ಟ.

ನಮ್ಮ ಮಹಾಭಾರತದಲ್ಲಿ ಇದರ ದೊಡ್ಡ ಉದಾಹರಣೆಗಳಿವೆ. ದ್ಯೂತಸಭೆಯಲ್ಲಿ ದ್ರೌಪದಿ ಕೇಳಿದ್ದು ತೀರ ಸರಳವಾದ ಪ್ರಶ್ನೆ: ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣವಾಗಿ ಇಡುವ ಹಕ್ಕು ಎಲ್ಲಿಂದ ಬಂತು? ಹಿರಿಯರಾದ ಭೀಷ್ಮರು, ಧರ್ಮದ ಗತಿ ಸೂಕ್ಷ್ಮವಾದದ್ದು, ಆದ್ದರಿಂದ ನಿರ್ಣಯಿಸಲಾರೆ ಎಂದುಬಿಟ್ಟರು. ಭೀಷ್ಮರನ್ನು ಗೌರವಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಆದರೂ ಹೇಳುತ್ತೇವೆ, ಕಣ್ಣೆದುರಿಗೆ ಹೆಣ್ಣುಮಗಳ ಸೀರೆಗೆ ಕೈ ಹಾಕುವವರಿರುವಾಗ ಸೂಕ್ಷ್ಮತೆಯ ಮಾತೆತ್ತುವುದು ಸೂಕ್ಷ್ಮತೆಯಲ್ಲ. ಅದೇ ಸಭೆಯಲ್ಲಿ ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದುನಿಂತು ಇದು ಅನ್ಯಾಯವೆಂದು ನೇರವಾಗಿ ಹೇಳಿದ. ಅವನಿಗೆ ಧರ್ಮ ಅಷ್ಟೊಂದು ಸೂಕ್ಷ್ಮವಾಗಿ ಕಾಣಲಿಲ್ಲ.

ಇನ್ನೊಂದು ದ್ರೋಣಪರ್ವದ್ದು, ಎಲ್ಲರಿಗೂ ಗೊತ್ತಿರುವುದೇ. ಅಶ್ವತ್ಥಾಮ ಸತ್ತನೆಂದು ಧರ್ಮರಾಯ ಗಟ್ಟಿಯಾಗಿ ಹೇಳಿದ, ಆನೆ ಎಂಬುದನ್ನು ಕೇಳಿಯೂ ಕೇಳದ ಹಾಗೆ ಹೇಳಿದ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಚಲಿಸುತ್ತಿದ್ದ ಅವನ ರಥ ಆ ಕ್ಷಣ ನೆಲ ಮುಟ್ಟಿತು. ಗಮನಿಸಬೇಕು, ಅವನ ವಾಕ್ಯದಲ್ಲಿ ಸುಳ್ಳಿನ ಪದ ಒಂದೂ ಇಲ್ಲ. ಬರಹದಲ್ಲಿ ಕೊಟ್ಟಿದ್ದರೆ ಯಾವ ಆಡಿಟ್ಟಿನವರೂ ಆಕ್ಷೇಪ ಎತ್ತುವಂತಿರಲಿಲ್ಲ. ಧ್ವನಿ ಮಾತ್ರ ಒಂದು ಪದದ ಮೇಲೆ ತಗ್ಗಿತು. ತಮ್ಮ ಮಗನ ಸಾವಿನ ಸುದ್ದಿಯನ್ನು ಇವನ ಬಾಯಿಂದಲೇ ಕೇಳಬೇಕೆಂದು ದ್ರೋಣರು ಬಂದದ್ದು ಇವನು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆಯೇ ಆಯುಧವಾಯಿತು.

ಈಗ ನಮ್ಮ ಲೆಕ್ಕಕ್ಕೆ ಬರುತ್ತೇವೆ.

ಅದು 2012ರ ಮಾತು. ಆಗ ಕಡತಗಳು ಇನ್ನೂ ಕಾಗದದ ಮೇಲಿದ್ದವು, ಹಸಿರು ಹಾಳೆಯಲ್ಲಿ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುತ್ತಿದ್ದೆವು. ನಮ್ಮ ವಿಭಾಗದಲ್ಲಿ ಗಢವಾಲದ ಕಡೆಯ ಒಬ್ಬ ಹಿರಿಯ ದಫ್ತರಿ ಇದ್ದರು. ಎಲ್ಲರೂ ಅವರನ್ನು ‘ತಾವೂಜಿ’, ಅಂದರೆ ದೊಡ್ಡಪ್ಪ, ಎಂದು ಕರೆಯುತ್ತಿದ್ದೆವು. ಮಗನನ್ನು ಪಾಲಿಟೆಕ್ನಿಕ್ಕಿಗೆ ಸೇರಿಸಲು ಜಿ.ಪಿ.ಎಫ್. ಮುಂಗಡ ಕೇಳಿ ಅರ್ಜಿ ಹಾಕಿದರು. ಅವರ ಹಿಂದಿನ ಮುಂಗಡದ ಮೂರು ಕಂತು ಇನ್ನೂ ಬಾಕಿಯಿತ್ತು. ಹಳೆಯದು ತೀರದೆ ಹೊಸದು ಕೊಡಬೇಕಾದರೆ ಅಧಿಕಾರಿಗಳು ವಿಶೇಷ ಕಾರಣ ದಾಖಲಿಸಬೇಕೆಂದು ನಿಯಮ. ಮಗನ ಓದು ವಿಶೇಷ ಕಾರಣವೇ. ಅಂಥವನ್ನು ನಾವೇ ಎಷ್ಟೋ ಸಲ ಹಾಗೆ ಬರೆದು ಪಾಸು ಮಾಡಿಸಿದ್ದೆವು.

ಆದರೆ ಅದಕ್ಕೆ ಒಂದು ವಾರ ಮೊದಲು ಏನಾಗಿತ್ತೆಂದರೆ, ನಾವು ತಡವಾಗಿ ಬಂದ ದಿನ ಅಧಿಕಾರಿಗಳು ಕೇಳಿದಾಗ ತಾವೂಜಿ, ‘ಬಾಬೂಜಿ ಇನ್ನೂ ಬಂದಿಲ್ಲ ಸಾಬ್’ ಎಂದುಬಿಟ್ಟಿದ್ದರು. ನಿಜವನ್ನೇ ಹೇಳಿದ್ದರು. ಚಹಾ ಕುಡಿಯಲು ಹೋಗಿದ್ದಾರೆ ಎಂದು ಹೇಳುವ ನಯ ಅವರಿಗೆ ತಿಳಿಯದು. ಅಷ್ಟಕ್ಕೇ ನಮ್ಮೊಳಗೆ ಒಂದು ಮುಳ್ಳು ಮುರಿದುಕೊಂಡಿತ್ತು.

ಟಿಪ್ಪಣಿ ಬರೆದೆವು. ಮಗನ ಶುಲ್ಕದ ಪತ್ರ ಲಗತ್ತಿಸಿದೆ ಎಂದು ಮೊದಲ ಸಾಲಿನಲ್ಲೇ ಹೇಳಿ ಮುಗಿಸಿದೆವು. ಕೊನೆಯ ಸಾಲಿನಲ್ಲಿ, ಅಂದರೆ ಅಧಿಕಾರಿಯ ಕಣ್ಣು ನಿಲ್ಲುವ ಕಡೆ, ಹಿಂದಿನ ಮುಂಗಡ ಇನ್ನೂ ತೀರಿಲ್ಲವೆಂಬುದನ್ನೂ, ವಿಶೇಷ ಕಾರಣ ಇದೆಯೇ ಎಂಬುದನ್ನು ತಾವು ದಯಮಾಡಿ ಪರಿಶೀಲಿಸಬಹುದೆಂಬುದನ್ನೂ ಬರೆದೆವು. ಬಾಕಿ ಇರುವುದು ಮೂರೇ ಕಂತು ಎಂಬುದನ್ನು ಟಿಪ್ಪಣಿಯಲ್ಲಿ ಬರೆಯಲಿಲ್ಲ. ಫ್ಲ್ಯಾಗ್ ಹಾಕಿದ ಲೆಡ್ಜರ್ ಪುಟದಲ್ಲಿ ಅದು ಇತ್ತು, ನೋಡಬೇಕೆನ್ನುವವರು ನೋಡಬಹುದಿತ್ತು. ಒಂದು ಅಕ್ಷರವೂ ಸುಳ್ಳಲ್ಲ. ಆನೆಯನ್ನು ಫ್ಲ್ಯಾಗಿನ ಕೆಳಗೆ ಇಟ್ಟಿದ್ದೆವು.

ಅರ್ಜಿ ತಿರಸ್ಕೃತವಾಯಿತು. ಅಧಿಕಾರಿಗಳು ಕಡತ ಹಿಂದಕ್ಕೆ ಕೊಡುತ್ತ ಮುಗುಳ್ನಕ್ಕು, ‘ವೆರಿ ಸಟ್ಲಿ ಪುಟ್’ ಎಂದರು. ‘ಬಿ’ ಇಲ್ಲದ ಆ ಪದವನ್ನು ನಾವು ಮೊದಲ ಬಾರಿಗೆ ನಮ್ಮ ಬಗ್ಗೆ ಕೇಳಿದ್ದು ಅಂದು. ನಿಜ ಹೇಳಬೇಕೆಂದರೆ ಆ ದಿನವಿಡೀ ನಮಗೆ ಸಂತೋಷವಾಗಿತ್ತು. ಮನೆಗೆ ಹೋಗಿ ನಮ್ಮಾಕೆಯ ಮುಂದೆ ಇಂಗ್ಲಿಷಿನ ಹೊಗಳಿಕೆಯನ್ನಷ್ಟೇ ಹೇಳಿದೆವು, ಯಾವುದಕ್ಕೆ ಎಂಬುದನ್ನು ಹೇಳಲಿಲ್ಲ.

ಎರಡು ದಿನ ಬಿಟ್ಟು ತಾವೂಜಿ ನಮ್ಮ ಮೇಜಿನ ಬಳಿ ಬಂದರು. ಟಿಪ್ಪಣಿ ಬರೆಯುವಾಗ ಅವರು ಆತಂಕದಿಂದ ವಿಚಾರಿಸಿದ್ದಾಗ ‘ಅಚ್ಛಾ ಲಿಖಾ ಹೈ’ ಎಂದು ನಾವೇ ಹೇಳಿದ್ದೆವು. ಅದನ್ನು ನೆನಪಿಟ್ಟುಕೊಂಡು ಕೈಮುಗಿದು, ‘ಬಾಬೂಜಿ, ನೀವಂತೂ ಚೆನ್ನಾಗಿಯೇ ಬರೆದಿರಿ, ನನ್ನ ಹಣೆಯಲ್ಲಿ ಬರೆದಿರಲಿಲ್ಲ’ ಎಂದರು. ಮಗನ ಶುಲ್ಕಕ್ಕೆ ತಮ್ಮ ಬಸ್ತಿಯ ಲೇವಾದೇವಿಯವನಿಂದ ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿಗೆ ತಂದಿದ್ದರು. ಅದನ್ನು ದೂರಿನ ಧಾಟಿಯಲ್ಲಿ ಹೇಳಲಿಲ್ಲ. ನಮ್ಮ ಶ್ರಮ ವ್ಯರ್ಥವಾಯಿತಲ್ಲ ಎಂದು ನಮ್ಮನ್ನೇ ಸಮಾಧಾನ ಪಡಿಸುವ ಧಾಟಿಯಲ್ಲಿ ಹೇಳಿದರು. ಆಗಲೂ ನಾವು ಬಾಯಿ ಬಿಡಲಿಲ್ಲ.

ಅವರು 2016ರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರಿಗಿಂತ ದೊಡ್ಡ ಹಾರವನ್ನು ನಾವೇ ತಂದಿದ್ದೆವು. ಪಿಂಚಣಿಯ ಕಾಗದಗಳನ್ನು ಒಂದೂ ಆಕ್ಷೇಪಣೆ ಬಾರದಂತೆ ಸಿದ್ಧಪಡಿಸಿಕೊಟ್ಟೆವು. ಇದನ್ನು ಅವ್ವನ ಡಬರಿಯ ಜಾತಿಗೆ ಸೇರಿಸಬಹುದೆಂದು ಕೆಲವು ಕಾಲ ನಂಬಿದ್ದೆವು. ಆದರೆ ಅವರು ಈ ಉಪಕಾರಕ್ಕೆ ಕಾರಣವೇನೆಂದು ಕೇಳಿದ್ದರೆ ನಮ್ಮ ಮುಖ ಏನಾಗುತ್ತಿತ್ತು ಎಂದು ಊಹಿಸಿಕೊಂಡ ಮೇಲೆ ಆ ನಂಬಿಕೆಯೂ ಹೋಯಿತು.

ಮರುವಾರ ತರಗತಿಗೆ ಹೋದಾಗ ಆ ಹುಡುಗಿಗೆ ಎರಡು ಪದ ಬರೆಸಿದೆವು, ‘ನವಿರಾಗಿ’ ಎಂದೊಂದು, ‘ನಯವಂಚನೆಯಿಂದ’ ಎಂದೊಂದು. ಸಾರಿನ ಇಂಗಿಗೆ ಮೊದಲನೆಯದು, ಇನ್ನೊಬ್ಬರ ಹೆಸರು ಕೆಡಿಸುವುದಕ್ಕೆ ಎರಡನೆಯದು ಎಂದು ವಿವರಿಸಿದೆವು. ‘ಒಂದೇ ವರ್ಡಿಗೆ ಎರಡು ಆಪೋಸಿಟ್ ಮೀನಿಂಗಾ?’ ಎಂದಳು. ಎದುರು ಬದುರಲ್ಲ, ಅಕ್ಕಪಕ್ಕ ಎಂದೆವು. ಅವಳಿಗೆ ಎಷ್ಟು ತಿಳಿಯಿತೋ, ತಲೆಯಾಡಿಸಿ ಬರೆದುಕೊಂಡಳು.

ಈ ಲೇಖನವನ್ನು ಸಂಘಕ್ಕೆ ಕಳಿಸುವ ಮೊದಲು ನಮ್ಮಾಕೆಗೆ ಓದಲು ಕೊಟ್ಟೆವು. ತಾವೂಜಿಯ ಸಂಗತಿ ಅವರಿಗೆ ತಿಳಿದದ್ದು ಹೀಗೆ, ಹದಿಮೂರು ವರ್ಷ ದಾಟಿದ ಮೇಲೆ. ಪೂರ್ತಿ ಓದಿ ಹಾಳೆಗಳನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಅಲ್ರೀ, ಇದನ್ನ ಕನ್ನಡದಾಗ ಬರದೀರಿ. ಅವರಿಗೆ ಕನ್ನಡ ಓದಾಕ ಬರೂದಿಲ್ಲಲ್ಲ?’ ಎಂದರು.

ತಾವೂಜಿ ಈಗ ತಮ್ಮ ಊರಿನಲ್ಲಿದ್ದಾರೆ. ದೀಪಾವಳಿಗೆ ಅವರೇ ಮೊದಲು ಫೋನ್ ಮಾಡುತ್ತಾರೆ. ನಂಬರು ನಮ್ಮ ಬಳಿ ಇದೆ.